ಹಚ್ಚಿದ ಮಾಯಿಶ್ಚರೈಸರೇ ಉರಿದರೆ

"ಡಾಕ್ಟ್ರೇ, ಆ ಕ್ರೀಮ್ ಹಚ್ಚಿದ್ರೆ ಉರಿ ಉರಿ ಅಂತ ಮಗು ಅಳುತ್ತೆ, ಅದಕ್ಕೇ ಬಿಟ್ಬಿಟ್ವಿ." ಇಸುಬು, ಅಂದರೆ ಎಕ್ಸಿಮಾ ಇರುವ ಮಕ್ಕಳ ತಾಯಂದಿರಿಂದ ಮತ್ತೆ ಮತ್ತೆ ಕೇಳಿಬರುವ ಮಾತಿದು. ಬಿಟ್ಟ ಮೇಲೆ ಚರ್ಮ ಇನ್ನಷ್ಟು ಒಣಗಿ ಬಿರಿಯುತ್ತದೆ, ಮುಂದೆ ಏನು ಹಚ್ಚಿದರೂ ಉರಿ ಹೆಚ್ಚುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು, ಹಚ್ಚಿದ ಎಷ್ಟು ಹೊತ್ತಿಗೆ ಉರಿ ಶುರುವಾಯಿತು ಎಂಬುದನ್ನು.

ಒಂದೆರಡು ನಿಮಿಷದಲ್ಲೇ ಚುರುಗುಟ್ಟಿ, ಕಾಲು-ಅರ್ಧ ಗಂಟೆಯಲ್ಲಿ ತಣ್ಣಗಾದರೆ ಅದು ಬಹುತೇಕ ಅಲರ್ಜಿಯಲ್ಲ. ಕೆರೆದು ಹಸಿಯಾದ ಚರ್ಮಕ್ಕೆ ಕ್ರೀಮಿನಲ್ಲಿರುವ ಯೂರಿಯಾ, ಲ್ಯಾಕ್ಟಿಕ್ ಆಸಿಡ್, ಪ್ರೊಪಿಲೀನ್ ಗ್ಲೈಕಾಲ್ ಇಳಿದಾಗ ಹೀಗಾಗುತ್ತದೆ. ಒಡೆದ ಹಿಮ್ಮಡಿಗೆ ಚೆನ್ನಾಗಿ ಒಗ್ಗುವ ಯೂರಿಯಾ ಕ್ರೀಮು ಮಂಡಿಸಂದಿಯ ಕೆಂಪು ಇಸುಬನ್ನು ಸುಡುವುದು ಇದಕ್ಕೇ. ಒಂದೆರಡು ದಿನ ಕಳೆದ ಮೇಲೆ ಹಚ್ಚಿದ ಕಡೆಯೆಲ್ಲ ತುರಿಕೆ, ಸಣ್ಣ ನೀರ್ಗುಳ್ಳೆ ಎದ್ದರೆ ಮಾತ್ರ ಅಲರ್ಜಿಯ ಅನುಮಾನ ಪಡಬೇಕು. ಸುಗಂಧದ್ರವ್ಯ, ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೊಲಿನ್, ಕೆಡದಿರಲೆಂದು ಸೇರಿಸುವ ಮೀಥೈಲ್‌ಐಸೋಥಯಾಜೋಲಿನೋನ್ ಇಲ್ಲಿ ಸಿಕ್ಕಿಬೀಳುವ ಹೆಸರುಗಳು. 'ಹರ್ಬಲ್' ಎಂದಿದ್ದರೆ ನಿಶ್ಚಿಂತೆ ಎನ್ನುವುದು ತಪ್ಪು. ಲ್ಯಾವೆಂಡರ್, ಟೀ ಟ್ರೀ ಎಣ್ಣೆಗೂ ಅಲರ್ಜಿ ಬರುತ್ತದೆ. 'ಅನ್‌ಸೆಂಟೆಡ್' ಎಂದಿರುವ ಡಬ್ಬಿಯಲ್ಲಿ ವಾಸನೆ ಮುಚ್ಚಲೆಂದೇ ಇನ್ನೊಂದು ಸುಗಂಧ ಹಾಕಿರಬಹುದು. 'ಫ್ರೇಗ್ರೆನ್ಸ್ ಫ್ರೀ' ಎಂದಿರುವುದನ್ನೇ ಕೊಳ್ಳಿ.

ಕೆಂಪಾಗಿ ರಸ ಒಸರುವ ಚರ್ಮವನ್ನು ಮಾಯಿಶ್ಚರೈಸರ್ ಒಂದರಿಂದಲೇ ಶಮನ ಮಾಡಲಾಗದು. ಮೊದಲು ಉರಿಯೂತ ಇಳಿಯಬೇಕು. ಅದಕ್ಕೆ ವೈದ್ಯರು ಬರೆದ ಸ್ಟೀರಾಯ್ಡನ್ನು ಹೇಳಿದಷ್ಟು ದಿನ ಹಚ್ಚಿ. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ದೊಡ್ಡವರದೇ ಎರಡು ಅಂಗೈಯಗಲ (ಬೆರಳೂ ಸೇರಿ) ಜಾಗಕ್ಕೆ ಅದು ಸಾಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ, ಸ್ಟೀರಾಯ್ಡ್ ಜೊತೆ ಹುಳಕಡ್ಡಿಯ ಔಷಧ, ಆ್ಯಂಟಿಬಯೋಟಿಕ್ ಎಲ್ಲ ಬೆರೆಸಿದ ಟ್ಯೂಬು ಖಂಡಿತ ಬೇಡ. ಅವುಗಳಲ್ಲಿ ಹಲವದರಲ್ಲಿರುವ ಕ್ಲೊಬೆಟಸಾಲ್ ಎಂಬ ಪ್ರಬಲ ಸ್ಟೀರಾಯ್ಡ್ ಮಗುವಿನ ಮುಖದ ಚರ್ಮವನ್ನೇ ತೆಳುವಾಗಿಸೀತು.

ಜೊತೆಗೆ ಹಚ್ಚಲು ಬಿಳಿ ಪೆಟ್ರೋಲಿಯಂ ಜೆಲ್ಲಿಯಷ್ಟು ಸೌಮ್ಯವಾದದ್ದು ಇನ್ನೊಂದಿಲ್ಲ, ಸುವಾಸನೆ ಬೆರೆಸಿರಬಾರದು ಅಷ್ಟೆ. ಅದರಲ್ಲಿ ನೀರಿಲ್ಲ, ಹಾಗಾಗಿ ಕೆಡದಂತೆ ಕಾಯುವ ರಾಸಾಯನಿಕವೂ ಬೇಕಿಲ್ಲ. ಜಿಗುಟು ಎಂಬ ದೂರು ನಿಜ. ಕರಾವಳಿಯ ಸೆಕೆಯಲ್ಲಿ ದಪ್ಪಗೆ ಬಳಿದರೆ ರೋಮದ ಬುಡದಲ್ಲಿ ಗುಳ್ಳೆಗಳೇಳುತ್ತವೆ, ತೆಳ್ಳಗೆ, ರೋಮ ಮಲಗಿರುವ ದಿಕ್ಕಿಗೇ ಸವರಿ. ಕೊಬ್ಬರಿ ಎಣ್ಣೆ ಹಲವರಿಗೆ ಹಿಡಿಸುತ್ತದೆ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಬೇಡ, ಅವು ಚರ್ಮದ ಮೇಲ್ಪದರವನ್ನೇ ಸಡಿಲಿಸುತ್ತವೆ. ಹೊಸದು ಯಾವುದೇ ಇರಲಿ, ಮುಂಗೈಯ ಒಳಭಾಗದಲ್ಲಿ, ಇಸುಬಿಲ್ಲದ ಕಡೆ, ನಾಣ್ಯದಗಲ ಜಾಗಕ್ಕೆ ದಿನಕ್ಕೆರಡು ಸಲ ಒಂದು ವಾರವಾದರೂ ಹಚ್ಚಿ ನೋಡಿ. ತೊಳೆಯಬೇಡಿ, ಜಾಗ ಬದಲಿಸಬೇಡಿ. ಒಂದೇ ದಿನಕ್ಕೆ ಏನೂ ಆಗಲಿಲ್ಲವೆಂದು ಮೈಗೆಲ್ಲ ಬಳಿದುಕೊಳ್ಳುವವರೇ ಹೆಚ್ಚು.

ಸ್ನಾನದ ನೀರು ಉಗುರುಬೆಚ್ಚಗಿರಲಿ, 5ರಿಂದ 10 ನಿಮಿಷದಲ್ಲಿ ಮುಗಿಯಲಿ. ಸೋಪು ಕಂಕುಳು, ತೊಡೆಸಂದಿ, ಪಾದಕ್ಕಷ್ಟೇ. ಕಡಲೆಹಿಟ್ಟಿನಿಂದ ತಿಕ್ಕುವುದು, ನೀರಿಗೆ ಆ್ಯಂಟಿಸೆಪ್ಟಿಕ್ ಸುರಿಯುವುದು ಎರಡೂ ನಿಲ್ಲಬೇಕು. ಹತ್ತಿಯ ಟವೆಲನ್ನು ಮೆಲ್ಲಗೆ ಒತ್ತಿ ನೀರು ತೆಗೆದು, ಮೈ ಇನ್ನೂ ತುಸು ಹಸಿಯಿರುವಾಗಲೇ, ಮೂರು ನಿಮಿಷದೊಳಗೆ ಮಾಯಿಶ್ಚರೈಸರ್ ಹಚ್ಚಿ. ಮೈತುಂಬ ಇಸುಬಿರುವ ಮಗುವಿಗೆ ವಾರಕ್ಕೆ 125ರಿಂದ 250 ಗ್ರಾಂ ಬೇಕು. 50 ಗ್ರಾಮಿನ ಟ್ಯೂಬು ತಿಂಗಳಿಡೀ ಬಂತೆಂದರೆ ಹಚ್ಚಿದ್ದು ಏನೇನೂ ಸಾಲಲಿಲ್ಲ. ಡಬ್ಬಿಗೆ ಕೈ ಹಾಕದೆ ಒಣ ಚಮಚದಲ್ಲಿ ತೆಗೆಯಿರಿ. ಜೆಲ್ಲಿ ಹೀರಿದ ಬಟ್ಟೆಗೆ ಬೇಗ ಬೆಂಕಿ ತಗಲುತ್ತದೆ, ಒಲೆ, ದೇವರ ದೀಪದ ಹತ್ತಿರ ಜೋಪಾನ.

ಹಳದಿ ಹಕ್ಕಳೆ ಕಟ್ಟಿದರೆ ಸೋಂಕು ತಗಲಿರಬಹುದು, ವೈದ್ಯರಿಗೆ ತೋರಿಸಿ. ಜ್ವರದ ಜೊತೆ ಒಂದೇ ಅಳತೆಯ ಗುಳ್ಳೆಗಳು ಗುಂಪುಗುಂಪಾಗಿ ಎದ್ದು ನೋಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಅದು ಹರ್ಪಿಸ್ ಎಂಬ ವೈರಸ್ಸಿನ ಸೋಂಕಾಗಿರಬಹುದು.

ಇಷ್ಟೆಲ್ಲ ಮಾಡಿಯೂ ಯಾವುದೂ ಒಗ್ಗದಿದ್ದರೆ, ಯಾವುದಕ್ಕೆ ಅಲರ್ಜಿ ಎಂದು ಪತ್ತೆ ಮಾಡುವ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 48 ಗಂಟೆಯ ಬಳಿಕ ತೆಗೆದು ನೋಡಿ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಅಲ್ಲಿಯವರೆಗೆ ಬೆನ್ನಿಗೆ ನೀರು ಸೋಕಬಾರದು. ಪಟ್ಟಿ ಅಂಟಿಸುವ ಹಿಂದಿನ ಒಂದು ವಾರ ಬೆನ್ನಿಗೆ ಸ್ಟೀರಾಯ್ಡ್ ಹಚ್ಚಿರಬಾರದು. ಹೋಗುವಾಗ ಮನೆಯಲ್ಲಿ ಬಳಸುವ ಕ್ರೀಮು, ಶಾಂಪೂ, ತಲೆಗೆ ಹಚ್ಚುವ ಎಣ್ಣೆ ಎಲ್ಲವನ್ನೂ ಲೇಬಲ್ ಸಮೇತ ಚೀಲದಲ್ಲಿ ಹಾಕಿಕೊಂಡು ಹೋಗಿ.