ಕಡಿಯುವ ಮೊದಲು ಗೊತ್ತಾಗಬೇಕು: ಬೆಂಗಳೂರಿನ ಮರಗಳ ಹಿಂದಿನ ಕಥೆ

ಬೆಂಗಳೂರಿನಲ್ಲಿ ಮರ ಕಡಿಯಬೇಕಾದರೆ ಅನುಮತಿ ಬೇಕು. ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಇದೆ, ಉಳಿದಂತೆ ಸ್ವಂತ ಹಿತ್ತಲಿನ ಮರಕ್ಕೂ ಇದೇ ನಿಯಮ. ಇದು ಹೊಸದೇನಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದಿದ್ದು 1976ರಲ್ಲಿ. ಇಷ್ಟು ಹಳೆಯ ಕಾನೂನು ಇದ್ದರೂ, ಹೊಸ ಫ್ಲೈಓವರ್ ಅಥವಾ ಮೆಟ್ರೊ ಮಾರ್ಗ ಅಂದ ಕೂಡಲೇ ಜನ ಮರಗಳ ಮುಂದೆ ಹೋಗಿ ನಿಲ್ಲಬೇಕಾಗುತ್ತದೆ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಊರಿನ ಹಸಿರು ತಾನಾಗಿ ಬೆಳೆದ ಕಾಡಲ್ಲ. ಬಹುಪಾಲು ಜನರು ನೆಟ್ಟಿದ್ದು. ಸುತ್ತಲಿನ ಹಳ್ಳಿಗಳಲ್ಲಿ ಗುಂಡುತೋಪುಗಳಿದ್ದವು. ಮಾವು, ಹಲಸು, ಹುಣಸೆ, ನೇರಳೆ, ಹೊಂಗೆ. ತೋಪು ಇಡೀ ಊರಿಗೆ ಸೇರಿದ್ದು, ನೆರಳೂ ಹಣ್ಣೂ ಎಲ್ಲರದ್ದು. ಲಾಲ್‌ಬಾಗ್ ಶುರುವಾಗಿದ್ದು 1760ರಲ್ಲಿ, ಹೈದರಾಲಿ ಕಾಲದಲ್ಲಿ. 1908ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಬೀದಿ ಮರಗಳಿಗೆ ಒಂದು ಲೆಕ್ಕಾಚಾರ ತಂದರು. ಒಂದು ಜಾತಿ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಎಲ್ಲಾದರೂ ಹೂ ಇರಬೇಕು. ಜಕರಂಡ, ಗುಲ್‌ಮೊಹರ್‌ಗಳ ಸಾಲು ನೋಡಿ ಖುಷಿಪಡುವಾಗ ಆ ಯೋಜನೆಯ ಫಲವನ್ನೇ ನಾವು ಅನುಭವಿಸುತ್ತಿರುತ್ತೇವೆ.

ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರನ್ನು ನೆನೆಯದೆ ಈ ಕಥೆ ಮುಂದೆ ಹೋಗುವುದಿಲ್ಲ. 1980ರ ದಶಕದ ಆರಂಭ, ಗುಂಡೂರಾವ್ ಮುಖ್ಯಮಂತ್ರಿ. ಊರು ಬೆಳೆಯುತ್ತಿತ್ತು, ಹೊಸ ಬಡಾವಣೆಗಳು ಬೋಳಾಗಿದ್ದವು. ಸಸಿ ನೆಟ್ಟರೆ ದನ ತಿನ್ನುತ್ತಿತ್ತು. ನೇಗಿನಹಾಳರು ಎತ್ತರಕ್ಕೆ ಬೆಳೆಸಿದ ಸಸಿಗಳನ್ನೇ ತಂದು, ಸುತ್ತ ಬೇಲಿ ಕಟ್ಟಿಸಿ, ನೋಡಿಕೊಳ್ಳಲು ಆಯಾ ಬೀದಿಯ ಜನರನ್ನೇ ಸೇರಿಸಿಕೊಂಡರು. ಕೆಲವೇ ವರ್ಷಗಳಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದರು. 2021ರಲ್ಲಿ ಅವರು ತೀರಿಕೊಂಡಾಗ ಆ ಗಿಡಗಳು ಎರಡು ಮಹಡಿ ದಾಟಿದ ಮರಗಳಾಗಿದ್ದವು. ಒಬ್ಬ ಸರ್ಕಾರಿ ಅಧಿಕಾರಿ ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಕಾಯ್ದೆಗೆ ಬರೋಣ. ಅದರ ಪ್ರಕಾರ ಅನುಮತಿ ಕೊಡುವವರು ವೃಕ್ಷಾಧಿಕಾರಿ, ಅಂದರೆ ಅರಣ್ಯ ಇಲಾಖೆಯ ಅಧಿಕಾರಿ. ಬೆಂಗಳೂರಿನಲ್ಲಿ ಈ ಅಧಿಕಾರಿ ಕೂತಿದ್ದು ಪಾಲಿಕೆಯ ಕಚೇರಿಯಲ್ಲೇ. ರಸ್ತೆ ಅಗಲಿಸಲು ಮರ ತೆಗೆಯಿರಿ ಅಂತ ಕೇಳುವುದೂ ಎಷ್ಟೋ ಸಲ ಅದೇ ಪಾಲಿಕೆ. ಕೇಳುವವರೂ ಕೊಡುವವರೂ ಒಂದೇ ಸೂರಿನಡಿ ಇದ್ದರೆ ಬೇಡ ಅನ್ನುವುದು ಕಷ್ಟ, ಅಲ್ವಾ?

ನಂತರ ಬಂದ ತಿದ್ದುಪಡಿಯೊಂದು ನನ್ನ ಪ್ರಕಾರ ಇಡೀ ಕಾಯ್ದೆಯ ಜೀವಾಳ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಜಾಸ್ತಿ ಮರ ಹೋಗುವುದಾದರೆ ಮೊದಲೇ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕೇಳಬೇಕು. ಮುಂಚೆ ಗೊತ್ತಾಗುವುದು ಎಷ್ಟು ಮುಖ್ಯ ಅನ್ನುವುದಕ್ಕೆ ಈ ಊರಿನ ಹೋರಾಟಗಳೇ ಸಾಕ್ಷಿ. 2009ರಲ್ಲಿ ಮೆಟ್ರೊಗಾಗಿ ಜಯನಗರದ ನಂದಾ ರಸ್ತೆಯಲ್ಲಿ ಮರಗಳು ಉರುಳಿದವು. 2011ರಲ್ಲಿ ಸ್ಯಾಂಕಿ ಕೆರೆ ಪಕ್ಕದ ರಸ್ತೆಯ ಮರಗಳೂ ಹೋದವು. ಎರಡೂ ಕಡೆ ಜನ ಬೀದಿಗಿಳಿದರು, ಮರ ಉಳಿಯಲಿಲ್ಲ.

2016ರ ಉಕ್ಕಿನ ಮೇಲ್ಸೇತುವೆಯ ಕಥೆ ಬೇರೆಯಾಯಿತು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್, ಖರ್ಚು 1,791 ಕೋಟಿ ರೂಪಾಯಿ, ಹೋಗಲಿದ್ದ ಮರ 812. ಈ ಸಂಖ್ಯೆ ಕೆಲಸ ಶುರುವಾಗುವ ಮೊದಲೇ ಜನರ ಬಾಯಲ್ಲಿತ್ತು. ಅಕ್ಟೋಬರ್ 16ರಂದು ಸಾವಿರಾರು ಜನ ಆ ದಾರಿಯಲ್ಲಿ ಕೈ ಕೈ ಹಿಡಿದು ನಿಂತರು. ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ತಡವಾದರೆ ಏನಾಗುತ್ತದೆ ಅಂತ ಮುಂಬೈ ನೋಡಿದೆ. ಅಲ್ಲಿನ ಹಸಿರು ಪ್ರದೇಶ ಆರೆಯಲ್ಲಿ ಮೆಟ್ರೊ ಕಾರ್‌ಶೆಡ್‌ಗಾಗಿ ಮರ ಕಡಿಯುವುದನ್ನು ಪ್ರಶ್ನಿಸಿದ್ದ ಅರ್ಜಿಗಳನ್ನು 2019ರ ಅಕ್ಟೋಬರ್ 4ರಂದು ಬಾಂಬೆ ಹೈಕೋರ್ಟ್ ವಜಾ ಮಾಡಿತು. ಅದೇ ರಾತ್ರಿ ಅಲ್ಲಿ ಗರಗಸ ಶುರು. 7ರಂದು ಸುಪ್ರೀಂ ಕೋರ್ಟ್ ತಡೆಯುವ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಮರ ನೆಲಕ್ಕೆ ಬಿದ್ದಿದ್ದವು.

ಹಾಗಾಗಿ 50ರ ಗೆರೆ ಬಗ್ಗೆ ಎಚ್ಚರ ಬೇಕು. ಒಂದೇ ಕಾಮಗಾರಿಯನ್ನು ತುಂಡು ತುಂಡು ಮಾಡಿ, ಪ್ರತಿ ಅರ್ಜಿಯಲ್ಲೂ 50ರೊಳಗೇ ಮರ ತೋರಿಸುತ್ತಾರೆ ಎಂಬ ದೂರು ಪರಿಸರದ ಕೆಲಸ ಮಾಡುವವರಿಂದ ಮತ್ತೆ ಮತ್ತೆ ಕೇಳಿಬಂದಿದೆ. ಹಾಗೆ ಮಾಡಿದರೆ ಪ್ರಕಟಣೆಯೂ ಇಲ್ಲ, ಆಕ್ಷೇಪಣೆಯೂ ಇಲ್ಲ.

ಇನ್ನು, ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆ ಅನ್ನುವ ಮಾತು. ಕಡಿಯುವುದು ರಸ್ತೆ ಬದಿಯ ಮಳೆಮರ, ನೆಡುವುದು ಊರಾಚೆ ಎಲ್ಲೋ ಖಾಲಿ ಜಾಗದಲ್ಲಿ. ಬೆಂಗಳೂರಿನ ಬೀದಿಗಳಲ್ಲೇ ಅಳೆದು ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮರ ಇರುವ ಕಡೆ ಮಧ್ಯಾಹ್ನದ ಗಾಳಿಯ ಉಷ್ಣಾಂಶ 5.6 ಡಿಗ್ರಿಯವರೆಗೆ ಕಡಿಮೆ ಇತ್ತು. ಡಾಂಬರಿನ ಮೇಲ್ಮೈ ಬಿಸಿ 27.5 ಡಿಗ್ರಿಯವರೆಗೆ ಕಡಿಮೆ. ಬಸ್ಸಿಗೆ ಕಾಯುವವರಿಗೆ, ತಳ್ಳುಗಾಡಿಯಲ್ಲಿ ಸೊಪ್ಪು ಮಾರುವವರಿಗೆ ಬೇಕಾದ ನೆರಳು ಅವರು ನಿಂತ ಜಾಗದಲ್ಲೇ ಇರಬೇಕು.

ಕೊಡಲಿ ಬೀಳದೆಯೂ ಮರ ಸಾಯುತ್ತದೆ. ಕೇಬಲ್‌ಗೆ, ಪೈಪಿಗೆ ಅಗೆಯುವಾಗ ಬೇರು ಕತ್ತರಿಸುತ್ತಾರೆ. ಬುಡದವರೆಗೂ ಕಾಂಕ್ರೀಟ್ ಮೆತ್ತುತ್ತಾರೆ. ನೀರೂ ಇಲ್ಲ, ಗಾಳಿಯೂ ಇಲ್ಲ. ಏಪ್ರಿಲ್, ಮೇ ತಿಂಗಳ ಮೊದಲ ಬಿರುಮಳೆಗೆ ಅದು ಕಾರಿನ ಮೇಲೆ ಬಿದ್ದರೆ ಬೈಗುಳ ಮರಕ್ಕೇ. ದೆಹಲಿಯಲ್ಲಿ ಪ್ರತಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು. ನಮ್ಮ ಫುಟ್‌ಪಾತ್ ಕೆಲಸಗಳಲ್ಲೂ ಇದನ್ನು ಟೆಂಡರಿನಲ್ಲೇ ಬರೆಯಬಹುದು, ದೊಡ್ಡ ಖರ್ಚೂ ಇಲ್ಲ.

ಇಷ್ಟಕ್ಕೂ ಎಷ್ಟು ಮರ ಇವೆ? ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಸುಮಾರು ಹತ್ತು ವರ್ಷದ ಹಿಂದೆ ಹೇಳಿದ್ದು 14.78 ಲಕ್ಷ. ಅಂದರೆ ಏಳು ಜನಕ್ಕೆ ಒಂದು ಮರ. ಆದರೆ ಅದು ಅಂದಾಜು. ಮರ ಗಣತಿ ಮಾಡುವುದು ವೃಕ್ಷ ಪ್ರಾಧಿಕಾರದ ಕರ್ತವ್ಯ ಅಂತ ಕಾಯ್ದೆಯಲ್ಲೇ ಇದೆ. ದಶಕಗಳ ಕಾಲ ಅದು ಕಾಗದದಲ್ಲೇ ಉಳಿಯಿತು. ಹೈಕೋರ್ಟ್ ಕೇಳತೊಡಗಿದ ಮೇಲೆ ಅದಕ್ಕೆ ಚಾಲನೆ ಸಿಕ್ಕಿತು. ಈಗ ಬೆಂಗಳೂರು ಐದು ಪಾಲಿಕೆಗಳಾಗಿದೆ. ಐದೂ ಪಾಲಿಕೆಗಳು ಬೀದಿ ಬೀದಿಯ ಮರಗಳ ಪಟ್ಟಿಯನ್ನು, ಕಡಿಯಲು ಬಂದ ಪ್ರತಿ ಅರ್ಜಿಯನ್ನು, 50ರ ಗೆರೆ ನೋಡದೆ ಎಲ್ಲರಿಗೂ ಕಾಣುವಂತೆ ಇಡಬೇಕು. ನಮ್ಮ ಬೀದಿಯ ಯಾವ ಹೊಂಗೆ ಮರಕ್ಕೆ ಯಾರು ಅರ್ಜಿ ಹಾಕಿದ್ದಾರೆ ಅಂತ ಗರಗಸದ ಸದ್ದು ಕೇಳುವ ಮೊದಲೇ ನಮಗೆ ಗೊತ್ತಾಗಬೇಕು.