ಕಲ್ಲಿನ ಬಕಪಕ್ಷಿ ಚಪಲೆಯನ್ನು ನುಂಗಿದ್ದು ಹೇಗೆ? ‘ಚಂದ್ರಕಾಂತಾ’ ಓದುಗರ ಹಳೆಯ ಜಗಳ

ಕಾಡಿನ ನಡುವಿನ ಪಾಳು ಕಟ್ಟಡವೊಂದರಲ್ಲಿ ಕಲ್ಲಿನ ಬಕಪಕ್ಷಿಯೊಂದು ನಿಂತಿದೆ. ರಾಜಕುಮಾರಿ ಚಂದ್ರಕಾಂತೆಯ ಗೆಳತಿ ಚಪಲಾ ಕುತೂಹಲ ತಡೆಯಲಾರದೆ ಅದರ ಹತ್ತಿರಕ್ಕೆ ಹೋಗುತ್ತಾಳೆ. ಕಲ್ಲಿನ ಹಕ್ಕಿ ಬಾಯಿ ತೆರೆದು ಅವಳನ್ನು ನುಂಗಿಬಿಡುತ್ತದೆ. ದೇವಕೀನಂದನ ಖತ್ರಿಯವರ ಹಿಂದಿ ಕಾದಂಬರಿ ‘ಚಂದ್ರಕಾಂತಾ’ದ ಈ ಪ್ರಸಂಗವನ್ನು ಓದಿದವರಲ್ಲಿ ಅಂದೇ ಎರಡು ಪಂಗಡಗಳಾದವು. ಮುಂದೇನಾಯಿತೆಂದು ತಿಳಿಯಲು ಪುಟ ತಿರುವಿದವರು ಒಂದು ಕಡೆ, ಇಂಥದ್ದು ನಡೆಯಲು ಸಾಧ್ಯವೇ ಎಂದು ಪತ್ರಿಕೆಗಳಲ್ಲಿ ಕೇಳಿದವರು ಇನ್ನೊಂದು ಕಡೆ.

ಖತ್ರಿ 1861ರಲ್ಲಿ ಬಿಹಾರದಲ್ಲಿ ಹುಟ್ಟಿ ಕಾಶಿಯಲ್ಲಿ ನೆಲೆಸಿದವರು. ಕಾಶಿ ಮಹಾರಾಜರ ಸೀಮೆಯ ಚಕಿಯಾ ಮತ್ತು ನೌಗಢದ ಕಾಡುಗಳ ಗುತ್ತಿಗೆ ಹಿಡಿದಿದ್ದ ಕಾಲದಲ್ಲಿ ಅವರು ಅಲ್ಲಿನ ಗುಹೆಗಳನ್ನೂ ಪಾಳುಬಿದ್ದ ಕೋಟೆಗಳನ್ನೂ ಸುತ್ತಿ ನೋಡಿದ್ದರು. ಹೀಗಾಗಿ ಕಾದಂಬರಿಯ ನೌಗಢ, ವಿಜಯಗಢ, ಚುನಾರಗಳು ಮೂರೂ ನಕ್ಷೆಯಲ್ಲಿ ಸಿಗುವ ಊರುಗಳು. ಅವುಗಳೊಳಗಿನ ‘ತಿಲಿಸ್ಮ್’ ಮಾತ್ರ, ಅಂದರೆ ನಿಧಿಯನ್ನು ಕಾಯಲೆಂದು ಹಿಂದಿನವರು ಕಟ್ಟಿಟ್ಟ ಒಗಟಿನ ಚಕ್ರವ್ಯೂಹ ಮಾತ್ರ, ಲೇಖಕರ ಕಲ್ಪನೆ. 1888ರಲ್ಲಿ ಬೆಳಕು ಕಂಡ ಈ ಕಥೆಯಲ್ಲಿ ನೌಗಢದ ರಾಜಕುಮಾರ ವೀರೇಂದ್ರಸಿಂಹ ವಿಜಯಗಢದ ಚಂದ್ರಕಾಂತೆಯನ್ನು ಪ್ರೀತಿಸುತ್ತಾನೆ, ಚುನಾರದ ಶಿವದತ್ತ ಅಡ್ಡ ಬರುತ್ತಾನೆ. ಕಥೆ ಎನ್ನುವುದು ಇಷ್ಟೇ. ಓದುಗರನ್ನು ಹಿಡಿದಿಟ್ಟವರು ರಾಜರೂ ಅಲ್ಲ, ರಾಜಕುಮಾರಿಯೂ ಅಲ್ಲ, ಅವರ ಕೈಕೆಳಗಿನ ‘ಐಯಾರ’ರು. ವೇಷ ಮರೆಸುವುದು, ಮದ್ದಿನಿಂದ ಎಚ್ಚರ ತಪ್ಪಿಸುವುದು, ಎಚ್ಚರ ತಪ್ಪಿದವನನ್ನು ಗಂಟುಕಟ್ಟಿ ಬೆನ್ನಮೇಲೆ ಹೊತ್ತೊಯ್ಯುವುದು, ‘ಲಖಲಖಾ’ ಮೂಸಿಸಿ ಎಬ್ಬಿಸುವುದು, ಇವೆಲ್ಲ ಅವರ ಕಸುಬು. ಇಂಥ ಪುಸ್ತಕ ಓದಿದವನು ಸುಲಭಕ್ಕೆ ಯಾರಿಂದಲೂ ಮೋಸಹೋಗುವುದಿಲ್ಲವೆಂದು ಖತ್ರಿ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಕಾದಂಬರಿ ಓದುವುದಕ್ಕೂ ಏನಾದರೊಂದು ಪ್ರಯೋಜನ ತೋರಿಸಲೇಬೇಕಾಗಿದ್ದ ಕಾಲವದು.

ಸಾಧ್ಯ–ಅಸಾಧ್ಯದ ವಾದ ಖತ್ರಿಯವರನ್ನು ಬಹುಕಾಲ ಬಿಡಲಿಲ್ಲ. 1894ರಲ್ಲಿ ಆರಂಭವಾಗಿ ಸುಮಾರು ಹತ್ತು ವರ್ಷಗಳಲ್ಲಿ 24 ಭಾಗಗಳಿಗೆ ಬೆಳೆದ ಮುಂದುವರಿಕೆ ‘ಚಂದ್ರಕಾಂತಾ ಸಂತತಿ’ಯ ಕೊನೆಯಲ್ಲಿ ಅವರು ಇದಕ್ಕೆ ನೇರವಾಗಿಯೇ ಉತ್ತರ ಕೊಟ್ಟರು. ಪಂಚತಂತ್ರ, ಹಿತೋಪದೇಶಗಳು ಮಕ್ಕಳ ಶಿಕ್ಷಣಕ್ಕೆಂದು ಹುಟ್ಟಿದಂತೆ ತಮ್ಮ ಪುಸ್ತಕ ಜನರ ಮನೋವಿನೋದಕ್ಕೆಂದು ಹುಟ್ಟಿದ್ದು. ಅದರಲ್ಲಿನ ಸಂಗತಿಗಳ ಸತ್ಯಾಸತ್ಯವನ್ನು ಪರೀಕ್ಷಿಸಲೆಂದು ತಾವು ಬರೆದಿಲ್ಲ, ಓದುವಾಗ ಕುತೂಹಲ ಹೆಚ್ಚಲೆಂದು ಬರೆದಿದ್ದೇವೆ ಎಂಬುದು ಆ ಉತ್ತರದ ಸಾರ. ಮಾತು ಖಡಾಖಂಡಿತವಾಗಿದೆ, ಆದರೆ ಕಾದಂಬರಿಯ ನಡೆ ಅದಕ್ಕೆ ಹೊಂದುವುದಿಲ್ಲ. ಚಪಲೆಯನ್ನು ನುಂಗಿದ ಹಕ್ಕಿ ಮಂತ್ರದ್ದಲ್ಲ, ಯಂತ್ರದ ಕೈಚಳಕದ್ದು ಎಂದು ಖತ್ರಿ ಮುಂದೆ ಕೂತು ವಿವರಿಸುತ್ತಾರೆ. 1883ರಿಂದ ಲಖನೌದ ನವಲಕಿಶೋರ್ ಮುದ್ರಣಾಲಯ ಹೊರತಂದ ಉರ್ದು ‘ತಿಲಿಸ್ಮ್–ಎ–ಹೋಶ್‌ರುಬಾ’ದಲ್ಲಿ ಮಾಂತ್ರಿಕರು ಯಾರಿಗೂ ಲೆಕ್ಕ ಒಪ್ಪಿಸುವುದಿಲ್ಲ. ಖತ್ರಿ ಐಯಾರರನ್ನೂ ತಿಲಿಸ್ಮನ್ನೂ ಉರ್ದುವಿನ ‘ದಾಸ್ತಾನ್’ ಎಂಬ ಆ ಅದ್ಭುತಕಥೆಗಳ ಲೋಕದಿಂದಲೇ ತಂದರು, ಮಾಟವನ್ನು ಅಲ್ಲಿಯೇ ಬಿಟ್ಟುಬಂದರು. ತಮ್ಮ ಓದುಗ ಪರೀಕ್ಷೆ ಮಾಡಿಯೇ ತೀರುತ್ತಾನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು ಎಂದೇ ನನ್ನ ಎಣಿಕೆ.

ಇನ್ನೊಂದು ತಕರಾರು ಭಾಷೆಯದು. ಸಂಸ್ಕೃತಮಯವಾದ ಹಿಂದಿಯೇ ಶಿಷ್ಟವೆಂದು ಪಂಡಿತರು ಬಗೆಯುತ್ತಿದ್ದಾಗ ಖತ್ರಿ ಉರ್ದು ಮಾತುಗಳು ಬೆರೆತ ಆಡುನುಡಿಯಲ್ಲಿ ಬರೆದರು. ಸಂಸ್ಕೃತ ಪದಗಳನ್ನು ಮುಂದಿನ ಭಾಗಗಳಲ್ಲಿ ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಓದುಗರನ್ನು ಅವುಗಳಿಗೆ ಒಗ್ಗಿಸುವುದು ಅವರ ಉಪಾಯವಾಗಿತ್ತು. ‘ಚಂದ್ರಕಾಂತಾ ಓದಲೆಂದೇ ಜನ ಹಿಂದಿ ಕಲಿತರು’ ಎಂಬ ಪ್ರಸಿದ್ಧ ಮಾತನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು. ಉರ್ದು ಬಲ್ಲವನಿಗೆ ಈ ಕಥೆಯನ್ನು ಗಟ್ಟಿಯಾಗಿ ಓದಿ ಹೇಳಿದರೆ ಬಹುಪಾಲು ತಿಳಿಯುತ್ತಿತ್ತು. ಅವನು ಕಲಿಯಬೇಕಾಗಿದ್ದದ್ದು ಮುಖ್ಯವಾಗಿ ನಾಗರಿ ಅಕ್ಷರಗಳನ್ನು. ಕಾಶಿಯಿದ್ದ ಪ್ರಾಂತದ ಕಚೇರಿಗಳಲ್ಲಿ ನಾಗರಿಗೆ ಅವಕಾಶ ದೊರೆತದ್ದು 1900ರ ಸರ್ಕಾರಿ ಆದೇಶದಿಂದ. ಅದಕ್ಕೆ ಮುಂಚೆ, ನೌಕರಿಯ ಆಸೆಯಿಲ್ಲದೆ ಒಂದು ಲಿಪಿಯನ್ನು ತಿದ್ದಿ ಕಲಿಯುವಂತೆ ಮಾಡಿದ್ದು ಚಪಲೆ ಮತ್ತು ವೀರೇಂದ್ರಸಿಂಹನ ಐಯಾರ ತೇಜಸಿಂಹರ ಕಥೆ.

ಜನ ಹಿಂದಿ ಕಲಿತರೆಂಬ ಆ ಮಾತನ್ನು ದಾಖಲಿಸಿದವರು ಆಚಾರ್ಯ ರಾಮಚಂದ್ರ ಶುಕ್ಲರು. 1929ರಲ್ಲಿ ಬಂದ ತಮ್ಮ ಹಿಂದಿ ಸಾಹಿತ್ಯ ಚರಿತ್ರೆಯಲ್ಲಿ ಅವರು ಖತ್ರಿಯವರಷ್ಟು ಓದುಗರನ್ನು ಬೇರೆ ಯಾವ ಗ್ರಂಥಕರ್ತರೂ ಸೃಷ್ಟಿಸಲಿಲ್ಲವೆಂದು ಒಪ್ಪಿದರು. ಅದೇ ಉಸಿರಿನಲ್ಲಿ, ಇವು ಘಟನೆಗಳ ವೈಚಿತ್ರ್ಯವನ್ನಷ್ಟೇ ಗುರಿಯಾಗಿಟ್ಟುಕೊಂಡ ಕಥೆಗಳು, ರಸವಾಗಲಿ ಪಾತ್ರಚಿತ್ರಣವಾಗಲಿ ಇಲ್ಲದ ಕಾರಣ ಸಾಹಿತ್ಯದ ಸಾಲಿಗೆ ಸೇರುವುದಿಲ್ಲವೆಂದೂ ತೀರ್ಪು ಕೊಟ್ಟರು. ಪುಸ್ತಕ ಮುಗಿಸಿದವರು ‘ಚಂದ್ರಕಾಂತಾ ಥರದ್ದು’ ಇನ್ನೊಂದನ್ನು ಹುಡುಕಿ ಒದ್ದಾಡುತ್ತಿದ್ದರೆಂದು ಬರೆದವರೂ ಅವರೇ. ಗಳಗನಾಥರನ್ನೂ ಕನ್ನಡದಲ್ಲಿ ಬಂಕಿಮರ ಕಾದಂಬರಿಗಳನ್ನು ತಂದ ಬಿ. ವೆಂಕಟಾಚಾರ್ಯರನ್ನೂ ‘ಓದುಗರನ್ನು ಹುಟ್ಟಿಸಿದವರು’ ಎಂದು ಹೊಗಳಿ ಅಲ್ಲಿಗೇ ನಿಲ್ಲಿಸುವ ವಾಡಿಕೆಯನ್ನು ಕಂಡ ನಮಗೆ ಈ ಧಾಟಿ ಅಪರಿಚಿತವಲ್ಲ. ಪಾತ್ರಚಿತ್ರಣವಿಲ್ಲವೆಂಬ ಆಕ್ಷೇಪವಂತೂ ಪೂರ್ತಿ ಒಪ್ಪುವಂಥದ್ದಲ್ಲ. ‘ಸಂತತಿ’ಯಲ್ಲಿ ಬರುವ ಐಯಾರ ಭೂತನಾಥ ಒಳ್ಳೆಯವನೋ ಕೆಟ್ಟವನೋ ಎಂದು ತೀರ್ಮಾನಿಸಲು ಓದುಗರಿಗೆ ಆಗಲಿಲ್ಲ, ಹಿಂದೆ ಮಾಡಿದ ಪಾಪ ಎಲ್ಲಿ ಬಯಲಾಗುವುದೋ ಎಂಬ ಅವನ ಭಯವೇ ಕಥೆಯನ್ನು ಮುಂದಕ್ಕೆ ತಳ್ಳುತ್ತದೆ. ಅವನ ಪೂರ್ವವೃತ್ತಾಂತಕ್ಕೆಂದೇ ಖತ್ರಿ ಮತ್ತೊಂದು ಮಾಲಿಕೆಯನ್ನು ಹಿಡಿದರು. ಅದು ಮುಗಿಯುವ ಮೊದಲೇ 1913ರಲ್ಲಿ ಅವರು ತೀರಿಕೊಂಡದ್ದರಿಂದ ಉಳಿದ ಭಾಗಗಳನ್ನು ಮಗ ದುರ್ಗಾಪ್ರಸಾದ ಖತ್ರಿ ಬರೆದು ಪೂರೈಸಿದರು.

1994ರಲ್ಲಿ ದೂರದರ್ಶನದಲ್ಲಿ ನೀರಜಾ ಗುಲೇರಿಯವರ ಧಾರಾವಾಹಿ ಬಂದಾಗ ಜಗಳ ತಿರುಗುಮುರುಗಾಯಿತು. ಹಿಂದಿ ಬಾರದ ನಮ್ಮ ಮನೆಗಳಲ್ಲೂ ಖಳ ಕ್ರೂರಸಿಂಹನ ‘ಯಕ್ಕೂ’ ಉದ್ಗಾರವನ್ನು ಮಕ್ಕಳು ಅನುಕರಿಸಿದ್ದುಂಟು. ಆದರೆ ಮೂಲವನ್ನು ಓದಿದ್ದವರಿಗೆ ಅದು ರುಚಿಸಲಿಲ್ಲ: ಖತ್ರಿ ಹೊರಗಿಟ್ಟಿದ್ದ ಮಾಟಮಂತ್ರ ಅದರೊಳಗೆ ಮತ್ತೆ ಹೊಕ್ಕಿತ್ತು. ಧಾರಾವಾಹಿ ನೋಡಿದ ಮೇಲೆ ಪುಸ್ತಕ ಹಿಡಿದವರ ದೂರು ಇದಕ್ಕೆ ತೀರ ಎದುರು. ಅಷ್ಟು ದೊಡ್ಡ ಮಾಯೆಯ ಕಥೆಯಲ್ಲಿ ಚಪಲೆಯನ್ನು ನುಂಗಿದ ಹಕ್ಕಿ ಕೊನೆಗೆ ಬರಿಯ ಯಂತ್ರವೇ ಎಂದು ಅವರು ಕೇಳುತ್ತಾರೆ.