ಬಿಟ್ಟು ಬಿಟ್ಟು ಹೋಗುವ ಕರೆಂಟ್: ಹಳೆಯ ಬುಲೆಟ್‌ನಲ್ಲಿ ಇಗ್ನಿಷನ್ ದೋಷ ಹಿಡಿಯುವುದು

ಕುಶಾಲನಗರ ಬಿಟ್ಟು, ಆನೆಕಾಡು ದಾಟಿ, ಸುಂಟಿಕೊಪ್ಪದವರೆಗೆ ಗಾಡಿ ಒಂದು ಮಿಸ್ ಇಲ್ಲದೆ ಬರುತ್ತಿತ್ತು. ಬೋಯಿಕೇರಿ ಏರು ಹತ್ತುವಾಗ ಯಾರೋ ಕೀ ಆಫ್ ಮಾಡಿದ ಹಾಗೆ ಎಂಜಿನ್ ನಿಂತುಬಿಡುತ್ತಿತ್ತು. ಎಷ್ಟು ಕಿಕ್ ಹೊಡೆದರೂ ಉಸಿರಿಲ್ಲ. ಮೋರಿ ಕಟ್ಟೆಯ ಮೇಲೆ ಇಪ್ಪತ್ತು ನಿಮಿಷ ಕೂತು, ಎದ್ದು ಒದ್ದರೆ ಒಂದೇ ಕಿಕ್ಕಿಗೆ ಸ್ಟಾರ್ಟ್. ಮಡಿಕೇರಿಗೆ ಬಂದು ಮೆಕ್ಯಾನಿಕ್ ಮುಂದೆ ನಿಲ್ಲಿಸಿದರೆ ಏನೂ ಆಗಿಯೇ ಇಲ್ಲ ಎಂಬಂತೆ ಡುಗ್ ಡುಗ್ ಎನ್ನುತ್ತಿತ್ತು.

ಇದು ನಮ್ಮ ಮಾವನ ಬುಲೆಟ್ 350, ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕೂಡಿಸಿ ಕಡಿಯುವ ಚಿಕ್ಕ ಸ್ವಿಚ್) ಇರುವ ಹಳೆಯ ಗಾಡಿ. ನಾಲ್ಕು ತಿಂಗಳಲ್ಲಿ ಪ್ಲಗ್ ಎರಡು ಸಲ ಬದಲಾಯಿತು, ಕಾರ್ಬ್ಯುರೇಟರ್ ಮೂರು ಸಲ ಬಿಚ್ಚಿದ್ದಾಯಿತು, ಪಾಯಿಂಟ್ ಸೆಟ್ ಹೊಸದು ಬಂತು. ಪ್ರತಿಸಲವೂ ಎರಡು ದಿನ ಚೆನ್ನಾಗಿ ಓಡಿ, ಸರಿಯಾಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಅದೇ ಏರು, ಅದೇ ಕಟ್ಟೆ. ಆಗ ನಾನು ಕಲಿತದ್ದನ್ನೇ ಇಲ್ಲಿ ಬರೆದಿದ್ದೇನೆ. ಪೂರ್ತಿ ಕೆಟ್ಟ ಗಾಡಿಯಲ್ಲಿ 'ಯಾವ ಪಾರ್ಟ್' ಎಂದು ಕೇಳಬಹುದು. ಬಿಟ್ಟು ಬಿಟ್ಟು ಕೆಡುವ ಗಾಡಿಯಲ್ಲಿ ಮೊದಲು 'ಯಾವಾಗ' ಎಂದು ಕೇಳಬೇಕು. ಬಿಸಿಯಾದ ಮೇಲೋ, ನೆನೆದಾಗಲೋ, ಅಲುಗಿದಾಗಲೋ? ಇದಕ್ಕೆ ಉತ್ತರ ಸಿಗುವವರೆಗೆ ಪಾನಾ ಕೈಗೆತ್ತಿಕೊಳ್ಳಬೇಡಿ.

ಮೊದಲು ಇಗ್ನಿಷನ್, ಅಂದರೆ ಪೆಟ್ರೋಲಿಗೆ ಕಿಡಿ ಹೊತ್ತಿಸುವ ವ್ಯವಸ್ಥೆ, ಹೇಗೆ ಕೆಲಸ ಮಾಡುತ್ತದೆ ಎಂಬುದು ತಲೆಯಲ್ಲಿ ಗಟ್ಟಿಯಾಗಿರಲಿ. ಬ್ಯಾಟರಿಯಿಂದ ಕರೆಂಟ್ ಕೀ ಸ್ವಿಚ್ಚಿಗೆ, ಅಲ್ಲಿಂದ ಇಗ್ನಿಷನ್ ಕಾಯಿಲ್‌ಗೆ, ಕಾಯಿಲ್‌ನಿಂದ ಪಾಯಿಂಟಿಗೆ, ಪಾಯಿಂಟಿನಿಂದ ಅರ್ತ್‌ಗೆ, ಅಂದರೆ ಗಾಡಿಯ ಲೋಹದ ಮೈಗೆ. ಪಾಯಿಂಟ್ ಮುಚ್ಚಿದ್ದಾಗ ಕಾಯಿಲ್‌ನ ಪ್ರೈಮರಿ ಸುತ್ತಿನಲ್ಲಿ ಕರೆಂಟ್ ಹರಿದು ಕಾಂತಕ್ಷೇತ್ರ ತುಂಬಿಕೊಳ್ಳುತ್ತದೆ. ಕ್ಯಾಮ್ ಬಂದು ಪಾಯಿಂಟನ್ನು ತೆರೆದಾಗ ಆ ಕರೆಂಟ್ ಥಟ್ಟನೆ ನಿಲ್ಲಬೇಕು. ಎಷ್ಟು ಥಟ್ಟನೆ ನಿಂತರೆ ಸೆಕೆಂಡರಿ ಸುತ್ತಿನಲ್ಲಿ ಅಷ್ಟು ದೊಡ್ಡ ವೋಲ್ಟೇಜ್ ಏಳುತ್ತದೆ. ಸಾವಿರಾರು ವೋಲ್ಟ್ ಪ್ಲಗ್ಗಿನ ಬಾಯಲ್ಲಿ ಕಿಡಿಯಾಗುತ್ತದೆ. ತೆರೆಯುವ ಕ್ಷಣದಲ್ಲಿ ಕರೆಂಟ್ ಪಾಯಿಂಟಿನ ನಡುವೆ ಜಿಗಿದು ಹೋಗದಂತೆ ತನ್ನೊಳಗೆ ಎಳೆದುಕೊಳ್ಳುವುದು ಕಂಡೆನ್ಸರ್. ಬೆರಳಿನ ತುದಿಯಷ್ಟು ಸಿಲಿಂಡರ್, ಸುಮಾರು 0.2 ಮೈಕ್ರೋಫ್ಯಾರಡ್. ಅದು ಸೋತರೆ ಪಾಯಿಂಟಿನಲ್ಲಿ ಬೆಂಕಿ, ಪ್ಲಗ್ಗಿನಲ್ಲಿ ಬಡಕಲು ಹಳದಿ ಕಿಡಿ. ಕಾರಿಗೆ ಈ ಬ್ಯಾಟರಿ-ಕಾಯಿಲ್ ವ್ಯವಸ್ಥೆಯನ್ನು ಒಗ್ಗಿಸಿಕೊಟ್ಟವರು ಅಮೆರಿಕದ ಚಾರ್ಲ್ಸ್ ಕೆಟ್ಟರಿಂಗ್. ನೂರು ವರ್ಷ ದಾಟಿದ ವಿನ್ಯಾಸ. ಮುಚ್ಚುಮರೆ ಇಲ್ಲದ ಕಾರಣ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ದೋಷ ಕರೆಂಟಿನದೋ ಪೆಟ್ರೋಲಿನದೋ ಎಂಬುದು ಮುಂದಿನ ಪ್ರಶ್ನೆ. ಪೆಟ್ರೋಲ್ ಸಿಗದಿದ್ದರೆ ಗಾಡಿ ಸಾಮಾನ್ಯವಾಗಿ ಎಳೆದಾಡಿ, ಕೆಮ್ಮಿ, ನಿಧಾನಕ್ಕೆ ಸಾಯುತ್ತದೆ. ಕರೆಂಟ್ ಹೋದರೆ ಒಮ್ಮೆಲೇ ಕಟ್. ನಡುವೆ ಬಂದು ಹೋದರೆ ಸೈಲೆನ್ಸರ್‌ನಲ್ಲಿ ಢಬ್ ಎನ್ನುತ್ತದೆ, ಏಕೆಂದರೆ ಸುಡದೆ ಉಳಿದ ಗಾಳಿ-ಪೆಟ್ರೋಲ್ ಅಲ್ಲಿ ಸೇರಿಕೊಂಡಿರುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿತೂತು ಕಟ್ಟಿದ್ದರೂ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿ ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತದೆ. ಇದು ಇಗ್ನಿಷನ್ ದೋಷದ ಹಾಗೆಯೇ ಕಾಣುವುದರಿಂದ ತುಂಬ ಜನ ಮೋಸ ಹೋಗುತ್ತಾರೆ. ನಿಂತ ಕೂಡಲೇ ಮುಚ್ಚಳ ತೆರೆದು ನೋಡಿ. ಸುಯ್ ಎಂದು ಗಾಳಿ ಒಳಗೆ ಹೋಗಿ ಗಾಡಿ ಎದ್ದರೆ ಪೂರ್ತಿ ಇಗ್ನಿಷನ್ ಬಿಚ್ಚುವ ಕಷ್ಟ ತಪ್ಪಿತು.

ಕರೆಂಟೇ ಎಂದು ಖಾತ್ರಿಯಾದರೆ ದಾರಿಯನ್ನು ಎರಡು ತುಂಡು ಮಾಡಬೇಕು: ಕಾಯಿಲ್‌ಗೆ ಬರುವವರೆಗಿನದು ಒಂದು, ಕಾಯಿಲ್‌ನಿಂದ ಮುಂದಿನದು ಇನ್ನೊಂದು. ಗಾಡಿ ಕಟ್ ಆದ ಕ್ಷಣವೇ ಕೀ ಮುಟ್ಟದೆ ಹಾರ್ನ್ ಒತ್ತುವುದು ಸುಲಭದ ಪರೀಕ್ಷೆ. ಹಾರ್ನ್ ಕೂಡ ಸತ್ತಿದ್ದರೆ ಬ್ಯಾಟರಿ ಟರ್ಮಿನಲ್, ಫ್ಯೂಸ್ ಹೋಲ್ಡರ್, ಮೇನ್ ವಯರ್, ಕೀ ಸ್ವಿಚ್ ಕಡೆ ನೋಡಿ. ಆದರೆ ವೈರಿಂಗ್ ಕೈ ಬದಲಾದ ಹಳೆಯ ಗಾಡಿಗಳಲ್ಲಿ ಹಾರ್ನ್ ಯಾವ ದಾರಿಯಿಂದ ಕರೆಂಟ್ ಪಡೆಯುತ್ತಿದೆ ಎಂದು ಹೇಳಲಾಗದು. ಅದಕ್ಕೇ ನನಗೆ ಬಲ್ಬ್ ಪರೀಕ್ಷೆಯ ಮೇಲೆ ಹೆಚ್ಚು ನಂಬಿಕೆ. ಸ್ಪೀಡೋಮೀಟರ್‌ಗೆ ಹಾಕುವಂಥ ಚಿಕ್ಕ 12 ವೋಲ್ಟ್ ಬಲ್ಬ್ ತೆಗೆದುಕೊಳ್ಳಿ. ಒಂದು ವಯರನ್ನು ಕಾಯಿಲ್‌ಗೆ ಕರೆಂಟ್ ಬರುವ ಟರ್ಮಿನಲ್‌ಗೆ, ಇನ್ನೊಂದನ್ನು ಫ್ರೇಮಿಗೆ ಕಟ್ಟಿ, ಬಲ್ಬನ್ನು ಆಮೀಟರ್ (ಕರೆಂಟ್ ತೋರಿಸುವ ಮುಳ್ಳಿನ ಮೀಟರ್) ಪಕ್ಕದಲ್ಲಿ ಟೇಪ್ ಸುತ್ತಿ ಅಂಟಿಸಿ. ಇನ್ನು ಗಾಡಿ ಓಡಿಸಿ. ಎಂಜಿನ್ ಮಿಸ್ ಹೊಡೆದಾಗ ಬಲ್ಬೂ ಕಣ್ಣು ಮುಚ್ಚಿದರೆ ದೋಷ ಕಾಯಿಲ್‌ಗಿಂತ ಹಿಂದೆ. ಎಂಜಿನ್ ಸತ್ತರೂ ಬಲ್ಬ್ ಉರಿಯುತ್ತಲೇ ಇದ್ದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್, ಪ್ಲಗ್ ವಯರ್ ಇಷ್ಟರಲ್ಲೇ ಒಂದು.

ಬೋಯಿಕೇರಿಯಲ್ಲಿ ಬಲ್ಬ್ ಉರಿಯುತ್ತಲೇ ಇತ್ತು. ಅಲ್ಲಿಗೆ ಅರ್ಧ ಗಾಡಿ ಪರೀಕ್ಷೆಯಿಂದ ಹೊರಗೆ ಹೋಯಿತು.

ಉಳಿದರ್ಧಕ್ಕೆ ಬುಲೆಟ್‌ನ ಹೆಡ್‌ಲೈಟ್ ಮೇಲಿನ ಆಮೀಟರೇ ಸಾಕ್ಷಿ. ಇದನ್ನು ನಿಧಾನಕ್ಕೆ ಓದಿ, ನಿಮ್ಮ ಗಾಡಿಯಲ್ಲೂ ಮಾಡಿ ನೋಡಿ. ಲೈಟ್ ಎಲ್ಲ ಆಫ್ ಮಾಡಿ, ಕೀ ಆನ್ ಮಾಡಿ, ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಹಿಡಿದು ಕಿಕ್ಕರನ್ನು ಕಾಲಿನಲ್ಲಿ ಮೆಲ್ಲಗೆ ಒತ್ತುತ್ತಾ ಹೋಗಿ. ಪಾಯಿಂಟ್ ಮುಚ್ಚಿದ ಕೂಡಲೇ ಮುಳ್ಳು ಡಿಸ್‌ಚಾರ್ಜ್ ಕಡೆಗೆ ವಾಲುತ್ತದೆ. ಕಾಯಿಲ್‌ನ ಪ್ರೈಮರಿ 4 ಓಮ್ ಇದ್ದರೆ 12 ವೋಲ್ಟ್‌ಗೆ 3 ಆಂಪಿಯರ್ ಲೆಕ್ಕ. ಇನ್ನೂ ಸ್ವಲ್ಪ ಒತ್ತಿದರೆ ಪಾಯಿಂಟ್ ತೆರೆದು ಮುಳ್ಳು ಸೊನ್ನೆಗೆ ಮರಳುತ್ತದೆ. ಹೋಗಿ ಬರುವ ಈ ಮುಳ್ಳೇ ಪ್ರೈಮರಿ ದಾರಿಯ ನಾಡಿ. ಮುಳ್ಳು ಅಲುಗದೇ ಇದ್ದರೆ ಕರೆಂಟ್ ಹರಿಯುತ್ತಿಲ್ಲ: ಪಾಯಿಂಟ್ ಕಪ್ಪಾಗಿದೆ, ಇಲ್ಲವೇ ವಯರ್ ತುಂಡಾಗಿದೆ. ವಾಲಿದ ಮುಳ್ಳು ಹಿಂದಕ್ಕೆ ಬಾರದಿದ್ದರೆ ಕರೆಂಟ್ ನಿಲ್ಲುತ್ತಲೇ ಇಲ್ಲ, ಎಲ್ಲೋ ಅರ್ತ್ ಆಗುತ್ತಿದೆ.

ಆ ದಿನ ಮುಳ್ಳು ಡಿಸ್‌ಚಾರ್ಜ್ ಕಡೆಗೆ ವಾಲಿದ್ದು ವಾಲಿದಂತೆಯೇ ನಿಂತಿತ್ತು. ಕಿಕ್ಕರನ್ನು ಎರಡು ಮೂರು ಸಲ ಕೊನೆಯವರೆಗೆ ಒತ್ತಿದರೂ ಕದಲಲಿಲ್ಲ. ಬಲಗಡೆ ಪಾಯಿಂಟ್ ಮುಚ್ಚಳ ತೆಗೆದೆ, ಮುಟ್ಟಲಾಗದಷ್ಟು ಬಿಸಿ. ಪಾಯಿಂಟ್ ಕಣ್ಣಿಗೆ ಕಾಣುವಂತೆಯೇ ತೆರೆಯುತ್ತಿತ್ತು. ಆದರೂ ಜೇಬಿನಲ್ಲಿದ್ದ ಬಸ್ ಟಿಕೆಟ್ ಮಡಚಿ ಎರಡು ಪಾಯಿಂಟ್ ನಡುವೆ ಸಿಕ್ಕಿಸಿದೆ. ಮುಳ್ಳು ಅಲ್ಲೇ. ಅಂದರೆ ಕರೆಂಟ್ ಪಾಯಿಂಟನ್ನು ಬಿಟ್ಟು ಬೇರೆ ದಾರಿಯಲ್ಲಿ ಅರ್ತ್‌ಗೆ ಹೋಗುತ್ತಿತ್ತು. ಬೇರೆ ದಾರಿ ಎಂದರೆ ಎರಡು ಮೂರೇ: ಪಾಯಿಂಟಿನ ಸ್ಪ್ರಿಂಗ್ ಕೂರುವಲ್ಲಿನ ಫೈಬರ್ ವಾಷರ್ ಒಡೆದಿರಬೇಕು, ಕಾಯಿಲ್‌ನಿಂದ ಬರುವ ವಯರ್ ಎಲ್ಲೋ ಉಜ್ಜಿ ತಗಡಿಗೆ ತಾಗಿರಬೇಕು, ಇಲ್ಲವೇ ಕಂಡೆನ್ಸರ್ ಒಳಗೇ ಶಾರ್ಟ್ ಆಗಿರಬೇಕು. ಕಂಡೆನ್ಸರ್ ವಯರಿನ ಸ್ಕ್ರೂ ಸಡಿಲಿಸಿ ಅದನ್ನು ಪಕ್ಕಕ್ಕೆ ಎತ್ತಿದೆ. ಮುಳ್ಳು ಮೆಲ್ಲಗೆ ಸೊನ್ನೆಗೆ ಬಂದು ನಿಂತಿತು. ನಾಲ್ಕು ತಿಂಗಳು ಹುಡುಕಿದ್ದು ಆ ರಸ್ತೆ ಬದಿಯಲ್ಲಿ ನನ್ನ ಬೆರಳಿಗೆ ಸಿಕ್ಕಿತ್ತು. ಆ ಸಂತೋಷ ಈಗಲೂ ನೆನಪಿದೆ.

ಹೊಸ ಕಂಡೆನ್ಸರ್ ಹಾಕಿ ಗಾಡಿ ಓಡಿತು. ಆದರೆ ಓಡಿದ್ದು ಪುರಾವೆಯಲ್ಲ. ಎರಡು ದಿನ ಓಡುವುದು ಈ ಗಾಡಿಗೆ ಮೊದಲಿನಿಂದಲೂ ಗೊತ್ತಿತ್ತಲ್ಲ. ಮನೆಗೆ ಬಂದ ಮೇಲೆ ಹಳೆಯ ಕಂಡೆನ್ಸರನ್ನು ಮಲ್ಟಿಮೀಟರ್‌ಗೆ ಹಿಡಿದರೆ ತಣ್ಣಗಿದ್ದಾಗ ಯಾವ ದೋಷವೂ ತೋರಿಸಲಿಲ್ಲ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದಾಗ ಮೀಟರ್ ಸೊನ್ನೆ ಓಮ್ ಹತ್ತಿರ ಇಳಿಯಿತು. ತಣ್ಣಗಾದಾಗ ಮತ್ತೆ ಏರಿತು. ಇದನ್ನು ಮೂರು ಸಲ ಮಾಡಿದೆ, ಮೂರು ಸಲವೂ ಹಾಗೆಯೇ. ದೋಷವನ್ನು ನಿಮ್ಮ ಇಷ್ಟದಂತೆ ಬರಿಸಿ, ಇಷ್ಟದಂತೆ ಹೋಗಿಸಲು ಆದರೆ ಮಾತ್ರ ಸಿಕ್ಕಿತು ಎನ್ನಿ.

ಬಿಸಿಯಲ್ಲಿ ಕೆಡುವ ಇನ್ನೊಂದು ವಸ್ತು ಕಾಯಿಲ್. ಒಳಗಿನ ತಂತಿ ಹಿಗ್ಗಿ ಬಿರುಕು ತೆರೆದುಕೊಳ್ಳುತ್ತದೆ, ಇಲ್ಲವೇ ಸುತ್ತುಗಳ ನಡುವಿನ ಇನ್ಸುಲೇಷನ್ ಸೋಲುತ್ತದೆ. ತಣ್ಣಗೆ ಅಳೆದು ಸರಿಯಿದೆ ಎಂದು ಬಿಡಬೇಡಿ. ಗಾಡಿ ನಿಂತಾಗಲೇ, ಬಿಸಿಯಲ್ಲೇ ಅಳೆಯಿರಿ. 12 ವೋಲ್ಟ್ ಕಾಯಿಲ್‌ನ ಪ್ರೈಮರಿ ಸಾಮಾನ್ಯವಾಗಿ 3ರಿಂದ 5 ಓಮ್ ನಡುವೆ. ಕಿಡಿ ನೋಡುವಾಗ ಪ್ಲಗ್ಗಿನ ಬಾಯಿಯ 0.5 ಮಿ.ಮೀ. ಸಂದಿನಲ್ಲಿ ಬಂದರೆ ಸಾಲದು. ಹೊರಗಿನ ಗಾಳಿಯಲ್ಲಿ ಅಷ್ಟು ಜಿಗಿಯುವುದು ಸುಲಭ, ಸಿಲಿಂಡರಿನ ಒತ್ತಡದಲ್ಲಿ ಕಷ್ಟ. 5–6 ಮಿ.ಮೀ. ಸಂದು ದಾಟುವ ನೀಲಿ ಕಿಡಿ ಬೇಕು. ಪ್ಲಗ್ ತೆಗೆದ ರಂಧ್ರದಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ, ಕಿಡಿಯನ್ನು ಅದರಿಂದ ದೂರವಿಡಿ. ಇನ್ನೊಂದು ಮಾತು: ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಕೀ ಆನ್ ಇಟ್ಟು ಚಹಾ ಕುಡಿಯಲು ಹೋಗಬೇಡಿ. ಕಾಯಿಲ್ ಕಾದು ಕೆಡುತ್ತದೆ.

ಪಾಯಿಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಮೊದಲು ಕೈ ಹಾಕುವುದೇ ಅಲ್ಲಿ. ಪೂರ್ತಿ ತೆರೆದಾಗ ಸಂದು 0.35ರಿಂದ 0.40 ಮಿ.ಮೀ. ಇರಲಿ, ಎಣ್ಣೆ ಕೈಯಲ್ಲಿ ಮುಟ್ಟಬೇಡಿ, ಸಂದು ಬದಲಾದರೆ ಟೈಮಿಂಗ್ (ಕಿಡಿ ಬರುವ ಕ್ಷಣ) ಕೂಡ ಬದಲಾಗುತ್ತದೆ ಎಂಬುದು ನೆನಪಿರಲಿ.

ಅಲುಗಾಟದ ದೋಷಕ್ಕೆ ಗೆಳೆಯನ ಯೆಜ್ಡಿ ಬೈಕ್ ಉದಾಹರಣೆ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ನಮ್ಮ ತೋಟಗಳ ಕಡೆ ಇನ್ನೂ ಯೆಜ್ಡಿ ಸದ್ದು ಕೇಳುತ್ತದೆ. ಅವನದು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಮಾತ್ರ ಮಿಸ್ ಹೊಡೆಯುತ್ತಿತ್ತು. ಇಳಿಜಾರು ಎಂದು ಎಲ್ಲರೂ ಕಾರ್ಬ್ಯುರೇಟರನ್ನು ದೂರಿದರು. ಯಾವಾಗ ಎಂದು ಬಿಡಿಸಿ ಕೇಳಿದಾಗ ಅವನೇ ಯೋಚಿಸಿ ಹೇಳಿದ: ಎಡಕ್ಕೆ ತಿರುಗುವ ತಿರುವುಗಳಲ್ಲಿ ಮಾತ್ರ. ಅಂಗಳದಲ್ಲಿ ಸ್ಟಾರ್ಟ್ ಮಾಡಿ, ಗೇರ್ ಹಾಕದೆ, ಹ್ಯಾಂಡಲ್ ಎಡತುದಿಗೆ ತಿರುಗಿಸಿದೆವು. ಕಟ್. ನಡುವಿಗೆ ತಂದರೆ ಸರಿ. ಹೆಡ್‌ಲೈಟ್‌ನಿಂದ ಫ್ರೇಮಿಗೆ ಹೋಗುವ ವಯರಿನ ಕಟ್ಟು ಹ್ಯಾಂಡಲ್ ಬುಡದಲ್ಲಿ ವರ್ಷಾನುಗಟ್ಟಲೆ ಬಗ್ಗಿ ಬಗ್ಗಿ ಒಂದು ವಯರಿನ ತಾಮ್ರ ಒಳಗೇ ತುಂಡಾಗಿತ್ತು. ಹೊರಗಿನ ಪ್ಲಾಸ್ಟಿಕ್‌ಗೆ ಒಂದು ಗೀರೂ ಇರಲಿಲ್ಲ. ಇಂಥದ್ದನ್ನು ಕಣ್ಣಿಗಿಂತ ಬೆರಳು ಬೇಗ ಕಂಡುಹಿಡಿಯುತ್ತದೆ: ವಯರನ್ನು ಇಂಚಿಂಚಾಗಿ ಹಿಡಿದು ಮೆಲ್ಲಗೆ ಎಳೆಯುತ್ತಾ ಬನ್ನಿ, ತಾಮ್ರ ತುಂಡಾದ ಕಡೆ ಪ್ಲಾಸ್ಟಿಕ್ ರಬ್ಬರಿನಂತೆ ಹಿಗ್ಗುತ್ತದೆ.

ಪೂರ್ತಿ ತುಂಡಾಗದೆ ಸವೆದಿರುವ ದಾರಿಗೆ ಮೀಟರ್ ಬೇಕು. ಪಾಯಿಂಟ್ ಮುಚ್ಚಿ, ಕೀ ಆನ್ ಮಾಡಿ, ಮೀಟರಿನ ಒಂದು ಕಡ್ಡಿಯನ್ನು ಫ್ರೇಮಿಗೆ ಅರ್ತ್ ಆಗದ ಬ್ಯಾಟರಿ ಟರ್ಮಿನಲ್ ಮೇಲೆ, ಇನ್ನೊಂದನ್ನು ಕಾಯಿಲ್‌ಗೆ ಕರೆಂಟ್ ಬರುವ ಟರ್ಮಿನಲ್ ಮೇಲೆ ಇಡಿ. ಅರ್ಧ ವೋಲ್ಟ್ ದಾಟಿ ತೋರಿಸಿದರೆ ನಡುವೆ ಎಲ್ಲೋ ಕರೆಂಟ್ ಸೋರದೆ ಸೊರಗುತ್ತಿದೆ. 6 ವೋಲ್ಟ್ ಗಾಡಿಯಲ್ಲಿ ಅರ್ಧ ವೋಲ್ಟ್ ಎಂದರೆ ಹನ್ನೆರಡರಲ್ಲಿ ಒಂದು ಪಾಲು, ಅದು ದೊಡ್ಡ ನಷ್ಟ. ನನ್ನ ಅನುಭವದಲ್ಲಿ ಕೀ ಸ್ವಿಚ್ಚಿನ ಒಳಗಿನ ಹಸಿರು ಕಿಲುಬೇ ಹೆಚ್ಚಾಗಿ ಕಾರಣ. ಪಾಯಿಂಟಿನ ಬದಲು ಸಿಡಿಐ ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಗಳಿಗೆ ಮೇಲಿನ ಬಲ್ಬ್ ಪರೀಕ್ಷೆ ಹೊಂದುವುದಿಲ್ಲ. ಅಲ್ಲಿ ಕಾಯಿಲ್‌ಗೆ ಬರುವುದೇ ನೂರಾರು ವೋಲ್ಟ್, ಕೈ ಹಾಕಬೇಡಿ.

ಇನ್ನು ನೆನೆಯುವ ದೋಷ. ಕಕ್ಕಡದ (ಕೊಡಗಿನ ಆಟಿ ತಿಂಗಳ) ಮಳೆಯಲ್ಲಿ ಚೆಟ್ಟಿಮಾನಿ, ಭಾಗಮಂಡಲ ಕಡೆ ಗಾಡಿ ಓಡಿಸುವವರಿಗೆ ಇದನ್ನು ವಿವರಿಸಬೇಕಿಲ್ಲ. ನೀರು ಬಿದ್ದರೆ ಮಿಸ್, ಬಿಸಿಲು ಬಂದರೆ ಸರಿ. ಪ್ಲಗ್ ವಯರ್ ಅಥವಾ ಕ್ಯಾಪಿನಲ್ಲಿ ಕೂದಲೆಳೆಯ ಬಿರುಕಿದ್ದರೆ ಸಾವಿರಾರು ವೋಲ್ಟ್ ಪ್ಲಗ್ಗಿಗೆ ಹೋಗುವ ಬದಲು ಒದ್ದೆಯ ಮೇಲೆ ಹರಿದು ಎಂಜಿನ್ ತಗಡಿಗೆ ಇಳಿಯುತ್ತದೆ. ಹಗಲಲ್ಲಿ ಇದು ಕಾಣುವುದೇ ಇಲ್ಲ. ನಾವು ರಾತ್ರಿ ಕರೆಂಟ್ ಹೋದಾಗ ಗಾಡಿಯನ್ನು ಕಾಫಿ ಗೋಡೌನ್ ಬಾಗಿಲಿಗೆ ತಳ್ಳಿ, ಎರಡೂ ಬಾಗಿಲು ತೆರೆದು, ಸೈಲೆನ್ಸರ್ ಹೊರಗೆ ಇರುವಂತೆ ನಿಲ್ಲಿಸಿ ಸ್ಟಾರ್ಟ್ ಮಾಡಿದೆವು. ಗಿಡಕ್ಕೆ ಔಷಧಿ ಚಿಮುಕಿಸುವ ಚಿಕ್ಕ ಬಾಟಲಿಯನ್ನು ಚೆನ್ನಾಗಿ ತೊಳೆದು, ನೀರು ತುಂಬಿ, ಪ್ಲಗ್ ವಯರಿನ ಮೇಲೆ ಮಂಜಿನಂತೆ ಬಿಟ್ಟೆವು. ಕ್ಯಾಪಿನ ಕೆಳಗಂಚಿನಿಂದ ಸಿಲಿಂಡರ್ ಫಿನ್ನಿಗೆ ನೀಲಿ ಎಳೆಯೊಂದು ಚಟ್ ಚಟ್ ಎಂದು ತೆವಳುತ್ತಿತ್ತು, ಪ್ರತಿ ಎಳೆಗೂ ಎಂಜಿನ್ ಒಂದು ಹೆಜ್ಜೆ ತಪ್ಪುತ್ತಿತ್ತು. ಮರುದಿನ ಬೆಳಕಿನಲ್ಲಿ ನೋಡಿದರೆ ಅದೇ ಜಾಗದಲ್ಲಿ ಪೆನ್ಸಿಲ್ಲಿನಲ್ಲಿ ಎಳೆದಂಥ ಕಪ್ಪು ಗೆರೆ. ಆ ಗೆರೆ ಇಂಗಾಲ, ಒಮ್ಮೆ ಬಿದ್ದರೆ ಒರೆಸಿ ಪ್ರಯೋಜನವಿಲ್ಲ.

ಕ್ಯಾಪ್ ಮತ್ತು ತಾಮ್ರದ ಎಳೆಯ ಪ್ಲಗ್ ವಯರ್ ಎರಡನ್ನೂ ಬದಲಿಸಿ, ಕ್ಯಾಪ್ ಒಳಗಿನ ರಬ್ಬರ್ ಅಂಚಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿದೆವು. ಆ ರಾತ್ರಿ ಗೋಡೌನ್ ದೀಪ ಆರಿಸಿ ಅದೇ ಬಾಟಲಿಯಿಂದ ಅರ್ಧ ಲೀಟರ್ ನೀರು ಖಾಲಿಯಾಗುವವರೆಗೆ ಚಿಮುಕಿಸಿದೆವು. ಎಲ್ಲೂ ನೀಲಿ ಕಾಣಲಿಲ್ಲ, ಡುಗ್ ಡುಗ್ ಸದ್ದೂ ಒಂದು ಸಲ ತಪ್ಪಲಿಲ್ಲ.